ಮಹಿಷ ಬರುವ ದಾರಿ

"ಅಮ್ಮಾ, ನನ್ನ ಬಾಸನ್ನು ಎರಡನೇ ಸಲವೂ ಬೇಡ ಅಂದ್ರು" ಎಂದು ಮಗಳು ಬೆಂಗಳೂರಿನಿಂದ ಫೋನ್ ಮಾಡಿದಾಗ ನಾನು ಮರುದಿನದ ನೀರುದೋಸೆಗೆ ಅಕ್ಕಿ ತೊಳೆಯುತ್ತಿದ್ದೆ. ಅವಳ ಮೇಲಧಿಕಾರಿಯನ್ನೇ ಕೆಲಸದಿಂದ ತೆಗೆದರೋ ಏನೋ ಎಂದುಕೊಂಡು, "ಹೋಗ್ಲಿ ಬಿಡು, ಒಳ್ಳೇದೇ ಆಯ್ತಲ್ಲ, ಆ ಮನುಷ್ಯ ನಿನಗೆ ರಜೆಯೇ ಕೊಡುವುದಿಲ್ಲ ಅಂತಿದ್ದೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಳುವೋ ನಗುವೋ ತಿಳಿಯದ ಸ್ವರದಲ್ಲಿ, "ಆ ಬಾಸ್ ಅಲ್ಲ ಮಾರಾಯ್ತಿ, ಆಟದ ಬಾಸ್" ಎಂದಳು.

ಮಗಳು ವಿಡಿಯೋ ಗೇಮ್ ಮಾಡುವ ಒಂದು ಕಂಪೆನಿಯಲ್ಲಿ ಚಿತ್ರ ಬರೆಯುತ್ತಾಳೆ. ಅವರ ಭಾಷೆಯಲ್ಲಿ ಬಾಸ್ ಎಂದರೆ ಆಟದ ಒಂದು ಘಟ್ಟದ ಕೊನೆಗೆ ಎದುರಾಗುವ ದೊಡ್ಡ ವೈರಿ. ಸಣ್ಣಪುಟ್ಟ ರಕ್ಕಸರನ್ನೆಲ್ಲ ಕೆಡವಿ ಬಂದ ಮೇಲೆ ಇವನನ್ನು ಗೆಲ್ಲಬೇಕು; ಗೆಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಇವಳಿಗೆ ಒಪ್ಪಿಸಿದ್ದು ರೂಪ ಬದಲಿಸುವ ಬಾಸ್. ಒಂದು ರೂಪದಲ್ಲಿ ಸೋತರೆ ಇನ್ನೊಂದು ರೂಪ ತಾಳಿ ಏಳಬೇಕು. ಇವಳು ರೆಕ್ಕೆ, ಕೊಂಬು, ಬೆಂಕಿ ಎಲ್ಲ ಹಚ್ಚಿ ಎರಡು ಸಲ ಬರೆದು ಕೊಟ್ಟಳು. ಎರಡು ಸಲವೂ "ಇದನ್ನು ಎಲ್ಲೋ ನೋಡಿದ ಹಾಗೆ ಉಂಟು" ಎಂಬ ಉತ್ತರ ಬಂತು. ಕೆಲಸ ಕಾಯಂ ಆಗಲು ಇನ್ನು ಎರಡು ತಿಂಗಳು ಬಾಕಿ. ಮೂರನೆಯ ಸಲವೂ ಹೀಗೇ ಆದರೆ ಏನಾಗುತ್ತದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಎರಡು ದಿನ ರಜೆ ಹಾಕಿ ಬಾ. ಶನಿವಾರ ನಮ್ಮ ಓಣಿಯ ಆಚೆ ಗದ್ದೆಯಲ್ಲಿ ಆಟ ಉಂಟು. ದೇವೀಮಹಾತ್ಮೆ" ಎಂದೆ.

ನಮ್ಮ ಮಂಗಳೂರಿನ ಕಡೆ ಆಟ ಎಂದರೆ ಯಕ್ಷಗಾನ. ಘಟ್ಟದ ಮೇಲಿನಿಂದ ಮದುವೆಯಾಗಿ ಬಂದ ನನ್ನ ಸಹೋದ್ಯೋಗಿಯೊಬ್ಬರು ಮೊದಲ ವರ್ಷ, "ರಾತ್ರಿ ಇಡೀ ಎಂಥ ಆಟ ಆಡ್ತಾರೆ ಟೀಚರ್, ಕಬಡ್ಡಿಯಾ?" ಎಂದು ಕೇಳಿದ್ದುಂಟು. ಆಟಕ್ಕೆ ಹೋಗುವುದು, ಆಟ ಆಡಿಸುವುದು, ಆಟದವರು ಎಂಬ ಮಾತುಗಳನ್ನೆಲ್ಲ ಅವರಿಗೆ ಬಿಡಿಸಿ ಹೇಳಬೇಕಾಯಿತು. ಈಗ ನನ್ನ ಮಗಳೂ ಆಟದವಳೇ ಆಗಿಬಿಟ್ಟಳಲ್ಲ ಎಂದು ಆ ರಾತ್ರಿ ಒಬ್ಬಳೇ ನಕ್ಕೆ. ನಗು ಬಹಳ ಹೊತ್ತು ನಿಲ್ಲಲಿಲ್ಲ. ಅದಕ್ಕೊಂದು ಹಳೆಯ ಕಾರಣ ಉಂಟು.

ಅವಳು ಏಳನೆಯ ತರಗತಿಯಲ್ಲಿದ್ದಾಗ ಅವಳಲ್ಲಿ ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಇತ್ತು. ಗಣಿತಕ್ಕೆಂದು ತೆಗೆದುಕೊಟ್ಟದ್ದು. ಅದರ ತುಂಬ ರಕ್ಕಸರು. ಕೋರೆ ಹಲ್ಲಿನವರು, ಮೂರು ಕಣ್ಣಿನವರು, ಅರ್ಧ ಆನೆ ಅರ್ಧ ಮನುಷ್ಯರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಮೂವತ್ತೆಂಟು ಅಂಕ ಬಂದ ದಿನ ನಾನು ಆ ಪುಸ್ತಕವನ್ನು ಎತ್ತಿಟ್ಟೆ. ಊರ ಮಕ್ಕಳಿಗೆಲ್ಲ ಪಾಠ ಹೇಳುವವಳ ಮಗಳಿಗೆ ಮೂವತ್ತೆಂಟು! ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆ ಎಂದಿದ್ದೆ. ಆ ಬೇಸಗೆಯಲ್ಲಿ ಹಳೆ ಪೇಪರಿನವನು ಬಂದಾಗ ಉಳಿದ ರದ್ದಿಯ ಜೊತೆ ತೂಕಕ್ಕೆ ಹಾಕಿಬಿಟ್ಟೆ. ತಿಳಿದೇ ಹಾಕಿದೆ. ಅವಳು ಮತ್ತೆ ಅದನ್ನು ಕೇಳಲಿಲ್ಲ. ನಾನು ಹೇಳಲೂ ಇಲ್ಲ.

ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಬಂದಿಳಿದವಳು ಕಾಫಿ ಕುಡಿಯುತ್ತ ತನ್ನ ಕಸುಬಿನ ಚರಿತ್ರೆಯನ್ನು ನನಗೆ ಪಾಠ ಮಾಡಿದಳು. ಚರಿತ್ರೆ ಕಲಿಸುವವಳಿಗೆ ಚರಿತ್ರೆಯ ಪಾಠ! ಗೇಮಿನಲ್ಲಿ ಬಾಸ್ ಎಂಬ ಕಲ್ಪನೆ ಬಂದದ್ದು 1975ರ ಸುಮಾರಿಗೆ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳು ಬರೆದ ಒಂದು ಆಟದಲ್ಲಂತೆ. ಅಲ್ಲಿ ನಿಧಿ ಕಾಯುವ ಒಂದು ಚಿನ್ನದ ಡ್ರ್ಯಾಗನ್ ಕೊನೆಗೆ ಎದುರಾಗುತ್ತಿತ್ತು. 1986ರಲ್ಲಿ ಜಪಾನಿನ ನಿಂಟೆಂಡೋ ಕಂಪೆನಿಯ ಜೆಲ್ಡಾ ಎಂಬ ಆಟದಲ್ಲಿ ಗ್ಯಾನನ್ ಎಂಬ ಹಂದಿಮುಖದ ದೈತ್ಯ ಬಂದ. ಅದೇ ವರ್ಷ ಕ್ಯಾಸಲ್‌ವೇನಿಯಾ ಎಂಬ ಇನ್ನೊಂದು ಆಟದಲ್ಲಿ ಡ್ರಾಕುಲಾ ಒಮ್ಮೆ ಸೋತು, ದೊಡ್ಡ ಪಿಶಾಚಿಯಾಗಿ ಮತ್ತೆ ಎದ್ದ. 1998ರಲ್ಲಿ ಬಂದ ಜೆಲ್ಡಾದ ಆಟದಲ್ಲಂತೂ ಮನುಷ್ಯರೂಪದ ಗ್ಯಾನನ್‌ಡಾರ್ಫ್ ಸೋತು, ಕೋಟೆ ಕುಸಿದು, ಆಡುವವನು ಎಲ್ಲ ಮುಗಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಕಲ್ಲಿನ ರಾಶಿಯ ಒಳಗಿಂದ ಮೃಗವಾಗಿ ಏಳುತ್ತಾನೆ. "ಅದನ್ನು ನೋಡಿದ ಮೇಲೆ ಲೋಕದಲ್ಲಿ ಎಲ್ಲರೂ ಅದನ್ನೇ ಮಾಡಿದ್ದು ಅಮ್ಮ. ನಾನೂ ಅದನ್ನೇ ಮಾಡಿದೆ" ಎಂದಳು.

"ಇದು ಎಲ್ಲ ನಮ್ಮಲ್ಲಿ ಹಳತಾಯ್ತು" ಎಂದೆ. ಎಲ್ಲ ನಮ್ಮಲ್ಲೇ ಮೊದಲು ಇತ್ತು ಎನ್ನುವ ಅಭ್ಯಾಸ ನನಗೆ ಇಲ್ಲ. ತರಗತಿಯಲ್ಲಿ ಹಾಗೆ ಹೇಳುವ ಹುಡುಗರನ್ನು ಗದರುವವಳು ನಾನೇ. ಆದರೆ ಈ ಒಂದು ವಿಷಯದಲ್ಲಿ ಆ ಮಾತು ನಿಜ.

ಮಾರ್ಕಂಡೇಯ ಪುರಾಣದೊಳಗಿನ ದೇವೀಮಹಾತ್ಮ್ಯೆಗೆ ಸುಮಾರು ಒಂದೂವರೆ ಸಾವಿರ ವರ್ಷ ಆಗಿರಬಹುದೆಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ನವರಾತ್ರಿಯಲ್ಲಿ ಅದರ ಏಳುನೂರು ಶ್ಲೋಕಗಳ ಪಾರಾಯಣ ನಮ್ಮ ಮನೆಗಳಲ್ಲಿ ನಡೆಯುತ್ತದೆ. ನಾವು ಕೈಮುಗಿದು ಕುಳಿತಿರುತ್ತೇವೆ, ಮನಸ್ಸು ಅಡುಗೆಮನೆಯ ಪಾಯಸದ ಮೇಲಿರುತ್ತದೆ. ಅದರ ಮೂರನೆಯ ಅಧ್ಯಾಯವನ್ನು ಒಮ್ಮೆ ಅರ್ಥ ಬಿಡಿಸಿ ಓದಿ ನೋಡಿ. ಮಹಿಷ ಮೊದಲು ಕೋಣನಾಗಿಯೇ ನುಗ್ಗುತ್ತಾನೆ. ಮೂತಿಯಿಂದ ಕೆಲವರನ್ನು, ಗೊರಸಿನಿಂದ ಕೆಲವರನ್ನು, ಬಾಲದಿಂದ ಕೆಲವರನ್ನು ಕೆಡವುತ್ತಾನೆ. ಬಾಲದ ಏಟಿಗೆ ಕಡಲು ಉಕ್ಕುತ್ತದೆ, ಕೊಂಬು ತಾಗಿ ಮೋಡ ಚೂರಾಗುತ್ತದೆ, ಉಸಿರಿಗೆ ಬೆಟ್ಟ ಹಾರುತ್ತದೆ. ದೇವಿ ಪಾಶ ಎಸೆದು ಕಟ್ಟಿದಾಗ ಕೋಣನ ರೂಪ ಬಿಟ್ಟು ಸಿಂಹವಾಗುತ್ತಾನೆ. ಸಿಂಹದ ತಲೆ ಕಡಿಯುವಷ್ಟರಲ್ಲಿ ಕತ್ತಿ ಹಿಡಿದ ಮನುಷ್ಯ. ಬಾಣ ಬಿಟ್ಟರೆ ಆನೆ. ಆ ಆನೆ ಸೊಂಡಿಲಿನಿಂದ ದೇವಿಯ ಸಿಂಹವನ್ನೇ ಎಳೆಯುತ್ತದೆ. ಸೊಂಡಿಲು ಕಡಿದರೆ ಮತ್ತೆ ಕೋಣ. ಕೊನೆಗೆ ದೇವಿ ಹಾರಿ ಅವನ ಕೊರಳ ಮೇಲೆ ಕಾಲಿಟ್ಟು ಶೂಲದಿಂದ ಇರಿದಾಗ ಕೋಣನ ಬಾಯಿಯಿಂದ ಅರ್ಧ ಮನುಷ್ಯನಾಗಿ ಹೊರಬರುತ್ತಾನೆ. ಆ ಅರ್ಧ ರೂಪದಲ್ಲೇ ತಲೆ ಉರುಳುತ್ತದೆ.

ಮಗಳು ಬೆರಳು ಮಡಚಿ ಲೆಕ್ಕ ಮಾಡಿದಳು. "ಆರು ಹಂತ. ಕೊನೆಯದು ಪೂರ್ತಿ ಆಗುವುದೇ ಇಲ್ಲ" ಎಂದಳು. ಅವಳ ಕಣ್ಣು ಆಗಲೇ ಸ್ವಲ್ಪ ಅರಳಿತ್ತು.

ರೂಪ ಬದಲಿಸುವುದನ್ನು ಮಾತಿನಲ್ಲಿ ಹೇಳುವುದು ಸುಲಭ, ಕಲ್ಲಿನಲ್ಲಿ ತೋರಿಸುವುದು ಕಷ್ಟ. ಕೆಲವು ವರ್ಷಗಳ ಹಿಂದೆ ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಬಾದಾಮಿ ಐಹೊಳೆಗೆ ಕರೆದುಕೊಂಡು ಹೋಗಿದ್ದೆ. "ಇದು ಮಹಿಷಮರ್ದಿನಿ, ನೋಡಿಕೊಳ್ಳಿ, ನಡೀರಿ ಮುಂದೆ" ಎಂದು ತಲೆ ಎಣಿಸುತ್ತ ಬಂದವಳು ನಾನು. ನಲವತ್ತೆರಡು ಮಕ್ಕಳನ್ನು ಕಾಯುವಾಗ ಶಿಲ್ಪ ಯಾರಿಗೆ ಕಾಣುತ್ತದೆ! ಆಮೇಲೆ ಫೋಟೋಗಳನ್ನು ಬಿಡುವಿನಲ್ಲಿ ನೋಡಿದಾಗ ಹೊಳೆಯಿತು. ಆರನೆಯ ಶತಮಾನದ ಬಾದಾಮಿಯ ಮೊದಲನೆಯ ಗುಹೆಯಲ್ಲಿ ಮಹಿಷ ಬರೀ ಕೋಣ. ದೇವಿ ಅದರ ಹಿಂಭಾಗವನ್ನು ಎತ್ತಿ ಹಿಡಿದು ಶೂಲ ಊರಿದ್ದಾಳೆ. ಹಟ್ಟಿಯಲ್ಲಿ ಹೋರಿ ಹಿಡಿದು ಗೊತ್ತಿದ್ದವರ ಕೈ ಅದು. ಐಹೊಳೆಯ ದುರ್ಗದ ಗುಡಿಯಲ್ಲೂ ಕೋಣನೇ. (ಅದು ದುರ್ಗೆಯ ಗುಡಿ ಅಲ್ಲ, ದುರ್ಗ ಎಂದರೆ ಕೋಟೆಯ ಹತ್ತಿರದ ಗುಡಿ, ಪರೀಕ್ಷೆಯಲ್ಲಿ ಪ್ರತಿ ವರ್ಷ ಮಕ್ಕಳು ತಪ್ಪು ಬರೆಯುವ ಜಾಗ ಇದು.) ಆದರೆ ಏಳನೆಯ ಶತಮಾನದ ಮಾಮಲ್ಲಪುರದ ಪಲ್ಲವ ಶಿಲ್ಪಿ ಬೇರೆಯೇ ದಾರಿ ಹಿಡಿದ. ಅವನ ಮಹಿಷನಿಗೆ ತಲೆ ಕೋಣನದು, ಮೈ ಮನುಷ್ಯನದು. ಕೈಯಲ್ಲಿ ಗದೆ ಹಿಡಿದು, ಸೋಲುತ್ತಿರುವ ದೊರೆಯ ಗತ್ತಿನಲ್ಲೇ ಹಿಂದೆ ವಾಲಿದ್ದಾನೆ. ಮುಂದಿನ ಶತಮಾನಗಳ ಶಿಲ್ಪಿಗಳು ಪುರಾಣದ ಆ ಕೊನೆಯ ಗಳಿಗೆಯನ್ನೇ ಹಿಡಿದರು. ಕೋಣನ ತಲೆ ಕಡಿದು ಬಿದ್ದಿದೆ, ಕೊರಳಿನಿಂದ ಮನುಷ್ಯ ಹೊರಬರುತ್ತಿದ್ದಾನೆ. ಎರಡೂ ರೂಪ ಒಂದೇ ಕಲ್ಲಿನಲ್ಲಿ. ಮೈಸೂರಿನ ಚಾಮುಂಡಿ ಬೆಟ್ಟದ ಮೇಲಿನ ಬಣ್ಣದ ಮೂರ್ತಿಯಲ್ಲಿ ಕೋಣವೇ ಮಾಯ. ದಪ್ಪ ಮೀಸೆಯ ಮನುಷ್ಯ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು. ಅವನನ್ನು ರಾಕ್ಷಸ ಅಲ್ಲ, ಆ ನಾಡಿನ ದೊರೆ ಎಂದು ಗೌರವಿಸುವವರೂ ಮೈಸೂರಿನಲ್ಲಿ ಇದ್ದಾರೆ.

ಇಷ್ಟೂ ಚಿತ್ರಗಳನ್ನು ಊಟದ ಮೇಜಿನ ಮೇಲೆ ಹರಡಿ ಕೂತಿದ್ದೆವು. ನಮ್ಮ ತುಳುನಾಡಿನಲ್ಲೂ ಹಳೆಯ ಮಹಿಷಮರ್ದಿನಿ ವಿಗ್ರಹಗಳು ಬೇಕಾದಷ್ಟಿವೆ. ಉಡುಪಿಯ ಕಡಿಯಾಳಿಯ ದೇವಸ್ಥಾನ ಮಹಿಷಮರ್ದಿನಿಯದ್ದೇ. ಪಾದೂರು ಗುರುರಾಜ ಭಟ್ಟರು ಊರೂರು ಸುತ್ತಿ ನಮ್ಮ ದೇವಸ್ಥಾನಗಳ ವಿಗ್ರಹಗಳನ್ನು ನೋಡಿ 1975ರಲ್ಲಿ ತುಳುವ ಚರಿತ್ರೆಯ ದೊಡ್ಡ ಗ್ರಂಥವನ್ನೇ ತಂದರು. ಆದರೆ ನಮ್ಮಂಥವರಿಗೆ ಮಹಿಷ ಮನಸ್ಸಿಗೆ ಇಳಿದದ್ದು ಗರ್ಭಗುಡಿಯಿಂದಲೂ ಅಲ್ಲ, ಪುಸ್ತಕದಿಂದಲೂ ಅಲ್ಲ. ಅವನು ಬಂದದ್ದು ಗದ್ದೆಯ ಆಚೆ ಬದಿಯಿಂದ, ದೊಂದಿಯ ಬೆಳಕಿನಲ್ಲಿ.

ಕಟೀಲಿನ ಮೇಳಗಳ ಹರಕೆಯ ಆಟವೆಂದರೆ ಹೆಚ್ಚಾಗಿ ದೇವೀಮಹಾತ್ಮೆಯೇ. ಮಕ್ಕಳಾಗಲಿ, ಕಾಯಿಲೆ ಗುಣವಾಗಲಿ, ಮನೆ ಏಳಲಿ ಎಂದು ಹರಕೆ ಹೇಳಿಕೊಂಡು ಆಟದ ದಿನಕ್ಕಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಮಳೆಗಾಲ ಕಳೆದ ಮೇಲೆ ತಿರುಗಾಟ ಹೊರಟರೆ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು. ಆ ಶನಿವಾರದ ಆಟ ನಮ್ಮ ನೆರೆಯವರ ಹರಕೆ. ಸಂಜೆಯೇ ಹೋಗಿ ಚೌಕಿಯಲ್ಲಿ ದೇವರಿಗೆ ಕೈಮುಗಿದು, ಮಹಿಷನ ವೇಷದವರ ಅಪ್ಪಣೆ ಪಡೆದು ಮಗಳು ಅವರ ಪಕ್ಕದಲ್ಲಿ ಚಾಪೆಯ ತುದಿಯಲ್ಲಿ ಕುಳಿತಳು.

ನಮ್ಮ ತೆಂಕುತಿಟ್ಟಿನಲ್ಲಿ ರಕ್ಕಸ ವೇಷಕ್ಕೆ ಬಣ್ಣದ ವೇಷ ಎನ್ನುತ್ತಾರೆ. ಉಳಿದವರಿಗೆ ಬಣ್ಣ ಇಲ್ಲವೇ ಎಂದು ಕೇಳಬಾರದು. ಬಣ್ಣ ಎಂದರೆ ಇವರದ್ದೇ ಬಣ್ಣ. ಬಣ್ಣದ ಮಾಲಿಂಗ, ಬಣ್ಣದ ಕುಟ್ಯಪ್ಪು ಎಂದು ಹೆಸರಿನ ಹಿಂದೆಯೇ ಬಣ್ಣ ಅಂಟಿಕೊಂಡ ಮಹಾ ಕಲಾವಿದರು ಆಗಿಹೋಗಿದ್ದಾರೆ. ಚಂದ್ರಗಿರಿ ಅಂಬು ಅವರ ಹೆಸರು ಹೇಳಿದರೆ ನನ್ನ ಅಪ್ಪ ಕೂತಲ್ಲೇ ನೆಟ್ಟಗಾಗುತ್ತಿದ್ದರು. ಈ ವೇಷದ ಮುಖ್ಯ ಕೆಲಸ ಚುಟ್ಟಿ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ನುಣ್ಣಗೆ ಕಲಸಿ, ಕಡ್ಡಿಯ ತುದಿಯಿಂದ ಮುಖದ ಮೇಲೆ ಒಂದೊಂದೇ ಚುಕ್ಕಿ ಇಟ್ಟು, ಅದರ ಮೇಲೆ ಇನ್ನೊಂದು ಇಟ್ಟು, ಮುಳ್ಳಿನ ಹಾಗೆ ಎಬ್ಬಿಸುವುದು. ಮೊದಲನೆಯದು ಒಣಗದೆ ಎರಡನೆಯದು ನಿಲ್ಲುವುದಿಲ್ಲ. ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ವೇಷದವರು ಮಾತಾಡುವ ಹಾಗಿಲ್ಲ, ನಗುವ ಹಾಗಿಲ್ಲ. ಕಪ್ಪು, ಕೆಂಪು, ಬಿಳಿ ಸೇರಿ ಮನುಷ್ಯನ ಮುಖ ಸ್ವಲ್ಪ ಸ್ವಲ್ಪವಾಗಿ ಇಲ್ಲವಾಗುತ್ತದೆ. ಆಮೇಲೆ ಮೈಗೆ ಬಟ್ಟೆಯ ಮೇಲೆ ಬಟ್ಟೆ ಸುತ್ತಿ ದಪ್ಪ ಮಾಡಿ, ದಗಲೆ, ಎದೆಪದಕ, ಭುಜಕೀರ್ತಿ ಕಟ್ಟಿ, ತಲೆಯ ಇಕ್ಕೆಲದಲ್ಲಿ ಕೋಣನ ಕೊಂಬು ಏರಿಸಿದರೆ ಸಾಧಾರಣ ಮೈಕಟ್ಟಿನ ಮನುಷ್ಯ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತಾನೆ.

ಶಿವರಾಮ ಕಾರಂತರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ಯಕ್ಷಗಾನ ಬಯಲಾಟದ ಮೇಲೆ ಬರೆದ ಪುಸ್ತಕಕ್ಕೆ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಚೌಕಿಯಲ್ಲಿ ಹೀಗೆ ಕುಳಿತು ನೋಡಿದ್ದು ನನಗೂ ಅದೇ ಮೊದಲು. ಹೆಂಗಸರು ಚೌಕಿಯ ಕಡೆ ಹೋಗಬಾರದೆಂದು ನಮ್ಮ ಮನೆಯಲ್ಲಿ ಹೇಳಿ ಬೆಳೆಸಿದ್ದರು. ಆ ಸಂಜೆ ನಮ್ಮನ್ನು ಯಾರೂ ಏನೂ ಅನ್ನಲಿಲ್ಲ. ಒಬ್ಬರು ಚಹಾ ತಂದುಕೊಟ್ಟರು.

ಚುಟ್ಟಿ ಒಣಗಲು ಬಿಟ್ಟ ಮಧ್ಯದಲ್ಲಿ ಮಗಳು ತನ್ನ ಎರಡು ಚಿತ್ರಗಳನ್ನು ಫೋನಿನಲ್ಲಿ ಅವರಿಗೆ ತೋರಿಸಿದಳು. ಮಾತಾಡಬಾರದಲ್ಲ, ಅವರು ಬಹಳ ಹೊತ್ತು ನೋಡಿ, ತುಟಿ ಅಲುಗಿಸದೆ ಕೇಳಿದ್ದು ಒಂದೇ: "ಇವ ಎಲ್ಲಿಂದ ಬರುವುದು?"

ಅವಳಿಗೆ ಅರ್ಥವಾಗಲಿಲ್ಲ. "ನೋಡು" ಎಂದು ಕೈಸನ್ನೆ ಮಾಡಿದರು.

ನೀವು ನೋಡಿದ್ದರೆ ನಾನು ಹೇಳಬೇಕಾಗಿಲ್ಲ. ನೋಡದವರಿಗೆ ಹೇಳಿ ಪೂರೈಸುವುದೂ ಇಲ್ಲ. ದೇವರು, ದೇವೇಂದ್ರ, ಮುನಿಗಳು ಎಲ್ಲರೂ ಚೌಕಿಯಿಂದ ರಂಗಸ್ಥಳಕ್ಕೆ ಹಿಂದಿನಿಂದ ಬರುತ್ತಾರೆ. ಮಹಿಷ ಮಾತ್ರ ಹಾಗಲ್ಲ. ಚೆಂಡೆ ಏರುತ್ತಿರುವಾಗ ನಮ್ಮ ಬೆನ್ನ ಹಿಂದೆ, ಗದ್ದೆಯ ಆ ತುದಿಯಲ್ಲಿ, ಒಂದು ಆರ್ಭಟ ಕೇಳುತ್ತದೆ. ತಿರುಗಿ ನೋಡಿದರೆ ಕತ್ತಲೆಯಲ್ಲಿ ದೊಂದಿಗಳು. ರಾಳದ ಪುಡಿ ಎಸೆದಾಗ ಭುಗ್ಗೆಂದು ಬೆಂಕಿ ಏಳುತ್ತದೆ, ಆ ಒಂದು ಕ್ಷಣದಲ್ಲಿ ಎರಡು ಕೊಂಬು ಕಾಣುತ್ತದೆ, ಮತ್ತೆ ಕತ್ತಲೆ. ಮುಂದಿನ ಬೆಂಕಿಗೆ ಅವನು ಹತ್ತು ಹೆಜ್ಜೆ ಹತ್ತಿರ. ಜನ ಎದ್ದು ದಾರಿ ಬಿಡುತ್ತಾರೆ, ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಹೋಗುತ್ತಾರೆ. ಕುರ್ಚಿಗಳ ನಡುವೆ, ನಮ್ಮ ಮೊಣಕಾಲಿಗೆ ತಾಗಿಕೊಂಡೇ ಅವನು ಹಾದುಹೋಗುತ್ತಾನೆ. ರಂಗಸ್ಥಳ ಮುಟ್ಟುವುದಕ್ಕೆ ಎಷ್ಟು ಹೊತ್ತಾಗುತ್ತದೆಂದು ನಾನು ಎಂದೂ ಗಡಿಯಾರ ನೋಡಿದವಳಲ್ಲ. ಆ ರಾತ್ರಿ ಮಗಳು ನೋಡಿದಳು, ಹದಿನೆಂಟು ನಿಮಿಷ. ಹದಿನೆಂಟು ನಿಮಿಷ ಅವನು ಒಂದು ಮಾತೂ ಆಡಿಲ್ಲ, ಒಬ್ಬರನ್ನೂ ಹೊಡೆದಿಲ್ಲ.

"ನಮ್ಮಲ್ಲಿ ಬಾಗಿಲು ತೆರೆದರೆ ಅವ ಎದುರು ನಿಂತಿರ್ತಾನೆ ಅಮ್ಮ. ಅಷ್ಟೇ" ಎಂದು ಕಿವಿಯಲ್ಲಿ ಹೇಳಿದಳು.

ಅದಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವುದು ಅದರ ನಂತರದ್ದು. ಅಷ್ಟು ಅಬ್ಬರದಿಂದ ಬಂದವನು ರಂಗಸ್ಥಳದಲ್ಲಿ ಮೊದಲು ನಿಲ್ಲುವುದು ತನ್ನ ತಾಯಿ ಮಾಲಿನಿಯ ಎದುರು. ಆ ದೊಡ್ಡ ಗಂಟಲು ಸಣ್ಣದಾಗುತ್ತದೆ. ತನ್ನವರು ಯಾಕೆ ಹೀಗೆ ಬಾಳುತ್ತಿದ್ದಾರೆ, ತನ್ನ ಕುಲಕ್ಕೆ ಏನಾಯಿತು ಎಂದು ಕೇಳುತ್ತಾನೆ. ದೇವತೆಗಳಿಂದ ಅವರಿಗಾದದ್ದನ್ನು ತಾಯಿ ಹೇಳುತ್ತಾಳೆ. ಆಗ ತಾನೇ ಹೆದರಿ ನನ್ನ ಪಕ್ಕಕ್ಕೆ ಒತ್ತಿ ಕೂತಿದ್ದ ನೆರೆಮನೆಯ ಹುಡುಗ ಸೆರಗಿನಿಂದ ತಲೆ ಹೊರಹಾಕಿ, "ಅವನಿಗೂ ಅಮ್ಮ ಉಂಟಾ?" ಎಂದು ಕೇಳಿದ. ಮಗಳು ಅದನ್ನೂ ಬರೆದುಕೊಂಡಳು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಕೋಣ ಎಂದರೆ ಬೈಗಳೂ ಹೌದು, ಮುದ್ದೂ ಹೌದು. ಕಂಬಳದ ಕೋಣಕ್ಕೆ ಎಣ್ಣೆ ಹಚ್ಚಿ ಮೀಯಿಸಿ ಹುರುಳಿ ಬೇಯಿಸಿ ಹಾಕುವಷ್ಟು ಆರೈಕೆ ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಸಿಕ್ಕುವುದಿಲ್ಲ. ಹಾಗಾಗಿ ಕೊಂಬಿನ ಮಹಿಷ ನಮಗೆ ಎಲ್ಲಿಂದಲೋ ಬಂದ ಪ್ರಾಣಿ ಅಲ್ಲ. ಹಟ್ಟಿಯಲ್ಲಿ ಕಟ್ಟಿದ್ದು ಹಗ್ಗ ಹರಿದುಕೊಂಡು ಬಂದ ಹಾಗೆ.

ಆಮೇಲಿನ ಯುದ್ಧದಲ್ಲಿ ಸಿಂಹವೂ ಬರಲಿಲ್ಲ, ಆನೆಯೂ ಬರಲಿಲ್ಲ. ಭಾಗವತರ ಪದ, ಚೆಂಡೆಯ ಪೆಟ್ಟು, ಹೆಜ್ಜೆಯ ಬದಲಾವಣೆ ಅಷ್ಟೇ. ಆ ಒಂದೇ ವೇಷದಲ್ಲಿ ನಾವು ಎಲ್ಲವನ್ನೂ ಕಂಡೆವು. ನಡುರಾತ್ರಿಯ ಮೇಲೆ ರಕ್ತಬೀಜ ಬಂದ. ಮಹಿಷನದ್ದು ಮೈಯಾದರೆ ಇವನದ್ದು ಮಾತು. ಒಳ್ಳೆಯ ಅರ್ಥಧಾರಿಗಳಿಗೇ ಈ ವೇಷ. ಇವನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಇವನಂಥವನೇ ಇನ್ನೊಬ್ಬ ಏಳುತ್ತಾನೆ. ಹೊಡೆದಷ್ಟೂ ಹೆಚ್ಚಾಗುವ ವೈರಿ. ಮನೆಕೆಲಸ ಮಾಡಿ ಗೊತ್ತಿರುವ ನಮಗೆ ರಕ್ತಬೀಜನನ್ನು ಬಿಡಿಸಿ ಹೇಳಬೇಕೇ? ಒಂದು ಲೋಟ ತೊಳೆದಿಟ್ಟರೆ ನಾಲ್ಕು ಲೋಟ ಬಂದು ಕೂತಿರುತ್ತದೆ. ಕಾಳಿ ಕತ್ತಿಯನ್ನು ನಂಬದೆ, ಹನಿ ನೆಲಕ್ಕೆ ಬೀಳುವ ಮೊದಲೇ ನಾಲಿಗೆ ಚಾಚಿ ಕುಡಿದಳು.

ಮಗಳು ನನ್ನಲ್ಲಿ ಕೇಳಿದ್ದು ಬೇರೆ. ಇವರೆಲ್ಲ ಇಷ್ಟು ಬಲಶಾಲಿಗಳಾದರೆ ಸೋಲಿಸುವ ದಾರಿ ಎಲ್ಲಿರುತ್ತದೆ? ದಾರಿ ಇಲ್ಲದ ಬಾಸನ್ನು ಜನ ಎರಡು ದಿನ ಆಡಿ ಬಿಟ್ಟುಬಿಡುತ್ತಾರಂತೆ. ನಾನು ಹೇಳಿದೆ, ದಾರಿ ಅವರು ಕೇಳಿದ ವರದಲ್ಲೇ ಇರುತ್ತದೆ. ಕಟೀಲಿನ ಸ್ಥಳಪುರಾಣವನ್ನೇ ತೆಗೆದುಕೊಳ್ಳಿ. ಅರುಣಾಸುರ ಎರಡು ಕಾಲಿನವರಿಂದಲೂ ನಾಲ್ಕು ಕಾಲಿನವುಗಳಿಂದಲೂ ಸಾವು ಬಾರದಂತೆ ವರ ಪಡೆದಿದ್ದ. ದೇವಿ ಬಂಡೆಯೊಳಗೆ ಮರೆಯಾದಳು; ಅವನು ಬಂಡೆಗೆ ಕತ್ತಿ ಬೀಸಿದ; ಒಳಗಿನಿಂದ ದುಂಬಿಗಳು ಎದ್ದವು. ದುಂಬಿಗೆ ಆರು ಕಾಲು. ಆ ಕಥೆಯಲ್ಲಿ ರೂಪ ಬದಲಿಸಿದವಳು ದೇವಿಯೇ. ಮಹಿಷನಾದರೋ ಗಂಡಸರಿಂದ ಸಾವು ಬೇಡ ಎಂದ. ಹೆಂಗಸಿನಿಂದ ಏನಾದೀತು ಎಂದು ಕೇಳಲೇ ಇಲ್ಲ. ನಾನು ಸ್ಟಾಫ್ ರೂಮಿನ ಎಷ್ಟೋ ಮೀಟಿಂಗುಗಳಲ್ಲಿ ಕೂತು ಎದ್ದವಳು. ಈ ತಪ್ಪು ರಾಕ್ಷಸರದ್ದು ಮಾತ್ರ ಅಂದುಕೊಂಡಿಲ್ಲ.

ಬೆಳಿಗ್ಗೆ ಮನೆಗೆ ಬಂದು ಮೂರನೆಯ ಚಿತ್ರಕ್ಕೆ ಕೈಹಾಕಿದಳು. ಮಹಿಷನನ್ನೇ ಬಾಸ್ ಮಾಡುತ್ತೇನೆ, ಆಡುವವರು ದೇವಿಯಾಗಿ ಹೋರಾಡುತ್ತಾರೆ ಎಂದಳು. ಇದು ನಮ್ಮ ಅತ್ತೆಯ ಕಿವಿಗೆ ಬಿತ್ತು. ಅವರಿಗೆ ಎಂಬತ್ತಮೂರು, ಕಣ್ಣು ಮಂಜು, ಕಿವಿ ಚುರುಕು.

"ಆ ಆಟದಲ್ಲಿ ಆಡುವವ ಸೋಲ್ತಾನಾ?" ಎಂದು ಕೇಳಿದರು.

"ಸೋಲ್ತಾರೆ ಅಜ್ಜಿ. ಹತ್ತಿಪ್ಪತ್ತು ಸಲ ಸೋತು ಆಮೇಲೆ ಗೆಲ್ಲುವುದು."

"ಅಂದ್ರೆ ದೇವಿ ಮಹಿಷನ ಕೈಯಲ್ಲಿ ಇಪ್ಪತ್ತು ಸಲ ಸಾಯುವುದಾ?"

ಮಗಳು ಪೆನ್ಸಿಲ್ ಕೆಳಗಿಟ್ಟಳು. ಅತ್ತೆ ಗದರಲಿಲ್ಲ, ಜಪಮಾಲೆ ತಿರುಗಿಸುತ್ತ ಒಳಗೆ ಹೋದರು. ನಾನು ಅವಳ ಪರವಾಗಿ ಏನಾದರೂ ಹೇಳಬೇಕೆಂದು ಹುಡುಕಿದೆ, ಸಿಗಲಿಲ್ಲ. ಎರಡು ಆಟಗಳಿಗೂ ಇರುವ ವ್ಯತ್ಯಾಸವನ್ನು ನಮ್ಮಿಬ್ಬರಿಗಿಂತ ಚೆನ್ನಾಗಿ ಅವರು ಹಿಡಿದಿದ್ದರು. ಬಯಲಾಟದಲ್ಲಿ ದೇವಿ ಗೆಲ್ಲುವುದು ಎಲ್ಲರಿಗೂ ಗೊತ್ತು. ಹರಕೆ ಹೊತ್ತವರು ಬಂದು ಕೂರುವುದೇ ಆ ಗೆಲುವನ್ನು ಇನ್ನೊಮ್ಮೆ ಕಾಣಲು. ಅವಳ ಆಟದಲ್ಲಿ ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ ಎಂಬುದಕ್ಕಾಗಿಯೇ ಜನ ಆಡುತ್ತಾರೆ.

ಮಧ್ಯಾಹ್ನವೆಲ್ಲ ಅವಳು ಮಾತಾಡಲಿಲ್ಲ. ನಾನು ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದಾಗ ಬಂದು ಕಟ್ಟೆಯ ಮೇಲೆ ಕುಳಿತಳು. ಏನೋ ಹೇಳಬೇಕೆಂದು ಬಾಯಿಗೆ ಬಂದದ್ದು ಅದೇ.

"ನಿನ್ನ ಆ ಲಾಂಗ್ ಬುಕ್ಕು ಇತ್ತಲ್ಲ, ರಕ್ಕಸರದ್ದು. ಅದನ್ನು ನಾನು ರದ್ದಿಗೆ ಹಾಕಿದ್ದು."

"ಗೊತ್ತು. ತಕ್ಕಡಿಯಲ್ಲಿ ಇಡುವಾಗ ನಾನು ಮಾಡಿನ ಕೋಣೆಯ ಕಿಟಕಿಯಲ್ಲಿದ್ದೆ."

ನಾನು ಕತ್ತಿಯಿಂದ ಕಣ್ಣು ತೆಗೆಯಲಿಲ್ಲ. ಹದಿನೈದು ವರ್ಷ ಗೊತ್ತಿದ್ದೂ ಕೇಳದೆ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಅದರಲ್ಲಿ ಅರ್ಧ ಆನೆಯದ್ದು ಒಂದು ಇತ್ತು, ಅದು ಮಾತ್ರ ಚೆನ್ನಾಗಿತ್ತು" ಎಂದಳು. ಬಸಳೆಯ ದಂಟು ತುಂಡು ಮಾಡುತ್ತ ಅವಳೇ ಮುಂದುವರಿಸಿದಳು. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಕಂಪೆನಿ ರಾಜಿ ಎಂಬ ಗೇಮ್ ತಂದಿತ್ತು. ಅದರಲ್ಲಿ ಆಡುವವರು ದೇವಿಯಲ್ಲ, ರಾಜಿ ಎಂಬ ಸರ್ಕಸ್ ಹುಡುಗಿ. ತಮ್ಮನನ್ನು ಮಹಾಬಲಾಸುರನ ಕಡೆಯವರು ಎತ್ತಿಕೊಂಡು ಹೋಗುತ್ತಾರೆ, ಅವಳು ಹುಡುಕಿ ಹೊರಡುತ್ತಾಳೆ, ದುರ್ಗೆ ಅವಳಿಗೆ ತ್ರಿಶೂಲ ಕೊಡುತ್ತಾಳೆ. ಬಿದ್ದು ಏಳುವುದು ಹುಡುಗಿ, ದೇವಿ ಅಲ್ಲ. "ಅವರಿಗೂ ಯಾವುದೋ ಅಜ್ಜಿ ಹೇಳಿರಬೇಕು" ಎಂದಳು.

ಹಾಗೆ ಅವಳ ಮೂರನೆಯ ಬಾಸ್ ಮಹಿಷ ಆಗಲಿಲ್ಲ. ಹೆಸರು ಬೇರೆ, ಕಥೆ ಬೇರೆ, ಊರೂ ಇಲ್ಲದ ಊರು. ಆಡುವವಳು ದೊಂದಿ ಹಿಡಿಯುವ ಒಬ್ಬ ಹುಡುಗಿ. ಕೊಂಬು ಮಾತ್ರ ಉಳಿಯಿತು. ಅವನು ಬಾಗಿಲ ಹಿಂದೆ ನಿಂತಿರುವುದಿಲ್ಲ. ಗದ್ದೆಯ ಆಚೆಯಿಂದ ಬರುತ್ತಾನೆ, ಹುಡುಗಿಯ ದೊಂದಿ ಉರಿದಾಗ ಮಾತ್ರ ಕಾಣುತ್ತಾನೆ. ಪ್ರತಿ ರೂಪದ ಮುಳ್ಳುಗಳು ಚುಟ್ಟಿಯ ಹಾಗೆ ಒಂದರ ಮೇಲೊಂದು ಬೆಳೆಯುತ್ತವೆ, ಏಟು ಬಿದ್ದಲ್ಲಿ ಉದುರುತ್ತವೆ. ಎರಡನೆಯ ರೂಪ ತಾಳುವ ಮೊದಲು ಅವನು ಒಬ್ಬ ಮುದುಕಿಯ ಎದುರು ಮೊಣಕಾಲೂರಿ ಏನೋ ಕೇಳುತ್ತಾನೆ. ಆ ಹೊತ್ತಿನಲ್ಲಿ ಆಡುವವರು ಅವನಿಗೆ ಹೊಡೆಯಬಹುದು, ಹೊಡೆಯದೆಯೂ ಇರಬಹುದು. ಹೊಡೆದರೆ ಮುಂದೆ ಅವನು ಹೆಚ್ಚು ಕಠಿಣನಾಗುತ್ತಾನೆ. ಈ ಕೊನೆಯದನ್ನು ಅವಳು ಬಸ್ಸು ಹತ್ತುವ ಮೊದಲು ಹೇಳಿದಳು. ನನಗೆ ಅದೇ ಎಲ್ಲಕ್ಕಿಂತ ಇಷ್ಟವಾದದ್ದು.

ಮೂರು ವಾರ ಬಿಟ್ಟು ಫೋನ್ ಬಂತು. ಕಂಪೆನಿಯವರು ಒಪ್ಪಿದ್ದಾರೆ, ಪೂರ್ತಿ ಅಲ್ಲ. ಹದಿನೆಂಟು ನಿಮಿಷ ಯಾರೂ ಕಾಯುವುದಿಲ್ಲವೆಂದು ಬರುವ ದಾರಿಯನ್ನು ಮೂರು ನಿಮಿಷಕ್ಕೆ ಇಳಿಸಿದ್ದಾರೆ. ಮುದುಕಿ ಉಳಿದಿದ್ದಾಳೆ. ಕೆಲಸ ಕಾಯಂ ಆಗುವ ಮಾತು ಮಾರ್ಚಿಗೆ ಹೋಗಿದೆ.

"ಮತ್ತೆ ಆನೆ?" ಎಂದು ಕೇಳಿದೆ.

"ಆನೆ ತೆಗೆದ್ರು ಅಮ್ಮ. ಸೊಂಡಿಲು ಸರಿಯಾಗಿ ಬಳುಕಬೇಕಾದರೆ ಒಬ್ಬರಿಗೆ ಎರಡು ತಿಂಗಳ ಕೆಲಸ ಅಂತೆ. ಅಷ್ಟು ಖರ್ಚು ಮಾಡುವುದಿಲ್ಲ ಅಂದ್ರು."

ಪುರಾಣದಲ್ಲಿ ಇದ್ದದ್ದನ್ನು ತೆಗೆಯುವುದೆಂದರೇನು ಎಂದು ನನಗೆ ಸಿಟ್ಟೇ ಬಂತು. ಅತ್ತೆ ಒಳಗಿನಿಂದ, "ಆನೆ ಮೇಳದವರೂ ತರುವುದಿಲ್ಲ ಮಾರಾಯ್ತಿ, ಅವಳನ್ನು ಊಟ ಮಾಡಿದ್ದಾಳಾ ಕೇಳು" ಎಂದರು.